ಯಾವ ಗಿಡದ ಹುಣಸಿ?

ನಮ್ಮ ಮನೆಗೆ ಯಾರಾದರೂ ಹುಣಸಿಹಣ್ಣು ಕೈಗಡ ಕೇಳಲು ಬಂದರೆ ಅವ್ವ ಮೊದಲು "ಯಾತಕ್ಕ ಬೇಕವಾ?" ಎಂದು ಕೇಳುತ್ತಿದ್ದಳು. ಬ್ಯಾಳಿಗೆ ಎಂದರೆ ಅಡಗಿ ಮನೆಯ ಮೂಲೆಯ ದೊಡ್ಡ ಗಡಿಗೆಗೆ ಕೈ ಹಾಕುತ್ತಿದ್ದಳು. ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದರೆ ನೆಲುವಿನ ಮೇಲಿನ ಸಣ್ಣ ಗಡಿಗೆ ಕೆಳಗೆ ಇಳಿಯುತ್ತಿತ್ತು. ಹಿತ್ತಾಳಿ ಸಾಮಾನು ತಿಕ್ಕಲಿಕ್ಕೆ ಎಂದರೆ ಹಿತ್ತಲ ಬಾಗಿಲ ಹಿಂದೆ ಒಡಕು ಗಡಿಗೆಯೊಂದಿತ್ತು, ಅದರದು. ಮೂರೂ ಗಡಿಗೆಯೊಳಗಿನ ಹುಣಸಿ ಮೂರು ಬೇರೆ ಗಿಡದ್ದು. ಅವ್ವ ಕತ್ತಲಲ್ಲಿ ಕೈ ಹಾಕಿದರೂ ಒಂದನ್ನು ಇನ್ನೊಂದೆಂದು ತಿಳಿಯುತ್ತಿರಲಿಲ್ಲ. ನಾರು ಎಷ್ಟಿದೆ, ಜಿಗುಟು ಎಷ್ಟಿದೆ ಎಂಬುದನ್ನು ಬೆರಳೇ ಹೇಳುತ್ತಿತ್ತು.

ನಮ್ಮೂರು ಅಫಜಲಪುರ ತಾಲೂಕಿನ ಭೀಮಾ ದಂಡೆಗೆ. ಅವ್ವನ ತವರು ಆಳಂದದ ಕಡೆ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡು. ದೊಡ್ಡಕ್ಕನನ್ನು ಕೊಟ್ಟದ್ದು ಜೇವರ್ಗಿ ಕಡೆಗೆ. ಈ ಮೂರು ತಾಲೂಕುಗಳ ನಡುವೆ ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಕೆಂಪು ಬಸ್ಸಿನಲ್ಲಿ ನಾವು ಓಡಾಡಿದ್ದೇ ಓಡಾಡಿದ್ದು. ಬೀಗರ ಮನೆಗೆ ಹೊರಟರೆ ತೊಗರಿ ಬ್ಯಾಳಿ, ಶೇಂಗಾ, ಅವುಗಳ ಜೊತೆಗೆ ಒಂದು ಗಂಟು ಹುಣಸಿ. ಅವರ ಹೊಲದಲ್ಲೂ ಗಿಡ ಇರುತ್ತಿದ್ದವು. ಆದರೂ ನಮ್ಮ ಗಿಡದ್ದು ಅವರಿಗೆ, ಅವರ ಗಿಡದ್ದು ನಮಗೆ. ಒಂದು ಸೀಮೆಯ ರುಚಿ ಇನ್ನೊಂದು ಸೀಮೆಯ ಅಡಗಿ ಮನೆಗೆ ಹೋಗುತ್ತಿದ್ದದ್ದು ಹೀಗೆ.

ಆಳಂದದ ನೆಲ ಒಂದೇ ಥರ ಇಲ್ಲ. ಸ್ವಲ್ಪ ದೂರ ಎರಿ ಭೂಮಿ, ಅದು ಮುಗಿಯಿತು ಎನ್ನುವಾಗ ಮಸಾರಿ, ನಡುನಡುವೆ ಏನೂ ಬೆಳೆಯದ ಕಲ್ಲು ಮರಡಿ. ಅಲ್ಲಿ ಅವ್ವನ ತಾಯಿ, ನಮ್ಮ ಆಯಿಯ ಹೊಲದ ಒಡ್ಡಿನ ಮೇಲೆ ಸಾಲಾಗಿ ಹುಣಸಿ ಗಿಡಗಳಿದ್ದವು. ಯಾರೂ ಲೆಕ್ಕ ಹಾಕಿ ಹಚ್ಚಿದವಲ್ಲ; ದನ ಕಾಯುವವರು ತಿಂದು ಉಗುಳಿದ ಬೀಜ, ಮಂಗ್ಯಾ ಒಯ್ದು ಚೆಲ್ಲಿದ ಬೀಜ, ಹೀಗೆ ಎದ್ದು ನಿಂತವು. ಒಂದೊಂದಕ್ಕೂ ಆಯಿ ಒಂದೊಂದು ಹೆಸರು ಇಟ್ಟಿದ್ದಳು. ಕಾಯಿ ಬಾಗಿದ್ದಕ್ಕೆ ಕುಡಗೋಲು ಗಿಡ. ಎರಡೇ ಬೀಜದ ಗಿಡ್ಡ ಕಾಯಿಯದು ಗುಂಡಗಿಡ. ತಿರುಳಿಗಿಂತ ನಾರೇ ಹೆಚ್ಚಿದ್ದದ್ದು ಜಟೆಗಿಡ. ತುದಿಗಿದ್ದದ್ದು ಸಕ್ರಿ ಗಿಡ. ಮಕ್ಕಳೆಲ್ಲ ಬಸ್ಸು ಇಳಿದ ಕೂಡಲೇ ಓಡುತ್ತಿದ್ದದ್ದು ಆ ಸಕ್ರಿ ಗಿಡದ ಬುಡಕ್ಕೆ.

ಆಯಿ ಕಾಯಿಯನ್ನು ಕೀಳುವ ಮುಂಚೆ ಬೆರಳಿನಿಂದ ತಟ್ಟಿ ನೋಡುತ್ತಿದ್ದಳು. ಹಣ್ಣಾದಂತೆ ತಿರುಳು ಬತ್ತಿ ಸಿಪ್ಪೆಯಿಂದ ಬಿಡುತ್ತದೆ, ತಟ್ಟಿದರೆ ಟೊಳ್ಳು ಸಪ್ಪಳ ಬರುತ್ತದೆ. ಸಪ್ಪಳ ಬರದಿದ್ದರೆ ಅದು ಇನ್ನೂ ದ್ವಾರಗಾಯಿ. "ತಡೀ ತಮ್ಮಾ, ಇನ್ನಾ ಎಂಟು ದಿನ ಬೇಕದಕ್ಕ" ಎಂದು ಅಣ್ಣನ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಒಂದೇ ಒಡ್ಡು, ಒಂದೇ ಮಳೆ, ಒಂದೇ ಮಣ್ಣು. ಆದರೂ ಕುಡಗೋಲು ಗಿಡ ಶಿವರಾತ್ರಿಗೆ ಹಣ್ಣಾದರೆ ಗುಂಡಗಿಡ ಯುಗಾದಿಯವರೆಗೂ ಕಾಯಿಸುತ್ತಿತ್ತು.

ಇದು ಯಾಕೆ ಹೀಗೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಪುಸ್ತಕಗಳಿಂದ. ಹುಣಸಿಯ ಹೂವು ಸಣ್ಣದು, ಹಳದಿ ಎಸಳಿನ ಮೇಲೆ ಕೆಂಪು ಗೆರೆ. ಬ್ಯಾಸಿಗಿ ಮುಗಿದು ಮುಂಗಾರು ಬರುವ ಹೊತ್ತಿಗೆ ಗಿಡ ತುಂಬ ಅರಳುತ್ತದೆ, ಜೇನುಹುಳು ಮುತ್ತುತ್ತವೆ. ಕಾಯಿ ಕಟ್ಟಲು ಬಹುಪಾಲು ಬೇರೆ ಗಿಡದ ಪರಾಗವೇ ಬೇಕು. ಹಾಗಾಗಿ ಪ್ರತಿ ಬೀಜದೊಳಗೂ ಎರಡು ಗಿಡಗಳ ಗುಣ ಕೂಡಿರುತ್ತದೆ. ಒಂದೇ ತಾಯಿಯ ಮಕ್ಕಳು ಹೇಗೆ ಬೇರೆ ಬೇರೆಯೋ ಹಾಗೆ ಒಂದೇ ಕಾಯಿಯ ಬೀಜಗಳೂ ಬೇರೆ. ಸಕ್ರಿ ಗಿಡದ ಬೀಜ ಹಾಕಿದರೆ ಸಕ್ರಿ ಗಿಡವೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಹೂವಿನಿಂದ ಹಣ್ಣಿಗೆ ಎಂಟು-ಹತ್ತು ತಿಂಗಳು. ಬೀಜದಿಂದ ಎದ್ದ ಗಿಡ ಮೊದಲ ಕಾಯಿ ತೋರಿಸಲು ಎಂಟು-ಹತ್ತು ವರ್ಷ. ಒಮ್ಮೆ ನಿಂತಿತೆಂದರೆ ಇನ್ನೂರು ವರ್ಷಕ್ಕೂ ಅಲ್ಲಾಡುವುದಿಲ್ಲ. ಆಯಿ ಹೆಸರಿಟ್ಟ ಗಿಡಗಳ ಹಣ್ಣನ್ನು ಆಯಿಯ ಆಯಿಯೂ ತಿಂದಿರಬೇಕು.

ಹುಣಸಿಯ ರುಚಿಯ ಗುಟ್ಟೂ ಬೇರೆಯೇ. ಮಾವು ಹಣ್ಣಾಗುತ್ತಾ ಹುಳಿ ಕಳೆದುಕೊಳ್ಳುತ್ತದೆ. ಹುಣಸಿ ತನ್ನ ಹುಳಿಯನ್ನು ಬಿಡುವುದಿಲ್ಲ. ಅದರೊಳಗಿನ ಟಾರ್ಟಾರಿಕ್ ಆಮ್ಲ ಹಾಗೆಯೇ ಉಳಿದು, ಮೇಲೆ ಸಕ್ಕರೆ ಏರುತ್ತದೆ. ತಿರುಳಿನಲ್ಲಿ ನೂರಕ್ಕೆ 8ರಿಂದ 18 ಪಾಲು ಹುಳಿ, 25ರಿಂದ 45 ಪಾಲು ಸಕ್ಕರೆ. ಇಷ್ಟು ದೊಡ್ಡ ಅಂತರದೊಳಗೆ ಒಂದೊಂದು ಗಿಡವೂ ತನ್ನ ಜಾಗ ಹಿಡಿದು ಕುಳಿತಿದೆ. ಸಕ್ರಿ ಗಿಡದಲ್ಲೂ ಹುಳಿ ಇತ್ತು, ಸಿಹಿ ಅದನ್ನು ಮುಚ್ಚಿತ್ತು ಅಷ್ಟೆ. ಆಯಿಯ ನಾಲಗೆ ಈ ಲೆಕ್ಕವನ್ನೆಲ್ಲ ಮಾಡಿ ಮುಗಿಸಿತ್ತು. ಬ್ಯಾಳಿಗೆ ಕುಡಗೋಲು ಗಿಡ, ಪಾನಕಕ್ಕೆ ಸಕ್ರಿ ಗಿಡ, ವರ್ಷಗಟ್ಟಲೆ ಇಡಲಿಕ್ಕೆ ಗುಂಡಗಿಡ, ತಾಮ್ರದ ಹಂಡೆಗೆ ಜಟೆಗಿಡ.

ನಮ್ಮೂರಿನ ಕಥೆ ಬೇರೆ. ಭೀಮಾ ದಂಡೆಯ ಎರಿಯಲ್ಲಿ ಗಿಡಗಳು ಆನೆ ಗಾತ್ರ. ಸಾಲಿಯ ಅಂಗಳದಲ್ಲಿ ಒಂದಿತ್ತು, ಮಾಸ್ತರ ಗಿಡ ಎನ್ನುತ್ತಿದ್ದೆವು, ಯಾಕೆಂದರೆ ಬ್ಯಾಸಿಗಿಯಲ್ಲಿ ಮಾಸ್ತರು ಕುರ್ಚಿ ಹೊರಗೆ ಹಾಕಿಸಿ ಅದರ ನೆರಳಲ್ಲೇ ಮಗ್ಗಿ ಹೇಳಿಸುತ್ತಿದ್ದರು. ಮೂರನೇ ಮಗ್ಗಿ ಮುಗಿಯುವಷ್ಟರಲ್ಲಿ ಯಾರದೋ ತಲೆ ಮೇಲೆ ಒಂದು ಕಾಯಿ ಬೀಳಬೇಕು, ಅದು ಬಿದ್ದವರ ಪಾಲು. ಮಧ್ಯಾಹ್ನ ಬಿಟ್ಟಾಗ ಹುಡುಗಿಯರ ಕೆಲಸ ಚಿಗಳಿ ಮಾಡುವುದು. ಮನೆಯಿಂದ ಒಬ್ಬಳು ಬೆಲ್ಲ, ಒಬ್ಬಳು ಉಪ್ಪು, ಒಬ್ಬಳು ಜೀರಗಿ, ಒಬ್ಬಳು ಒಣಖಾರ ತರಬೇಕು. ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಇಟ್ಟು ಕುಟ್ಟಿ, ಉಂಡಿ ಮಾಡಿ, ಜೋಳದ ದಂಟಿನ ಕಡ್ಡಿಗೆ ಚುಚ್ಚಿ, ಗಂಟೆ ಹೊಡೆಯುವವರೆಗೂ ಚೀಪುವುದು. ಮಾಸ್ತರ ಗಿಡದ ಹಣ್ಣಿಗೆ ಜಿಗುಟು ಹೆಚ್ಚು, ಹಾಗಾಗಿ ಉಂಡಿ ಒಡೆಯುತ್ತಿರಲಿಲ್ಲ. ಅಗಸಿ ಹೊರಗಿನ ಗಿಡದ್ದು ತಂದ ದಿನ ಚಿಗಳಿ ಕಡ್ಡಿಯಿಂದ ಜಾರಿ ಮಣ್ಣು ಪಾಲಾಗುತ್ತಿತ್ತು. ಹತ್ತು ವರ್ಷದ ಹುಡುಗಿಯರಿಗೂ ಎರಡು ಗಿಡದ ಅಂತರ ಗೊತ್ತಿತ್ತು.

ಎಳ್ಳ ಅಮಾಸಿ ಬಂತೆಂದರೆ ಇಡೀ ಊರು ಹೊಲಕ್ಕೆ ಇಳಿಯುತ್ತಿತ್ತು. ಗಾಡಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಕಡಬು, ಅಂಬಲಿ, ಮತ್ತು ಎಲ್ಲಕ್ಕಿಂತ ಮೇಲೆ ಭಜ್ಜಿ. ಹಸಿ ತೊಗರಿಕಾಳು, ಅವರಿ, ಕಡ್ಲಿ, ಸಿಕ್ಕ ಸಿಕ್ಕ ಸೊಪ್ಪು, ಬದನಿಕಾಯಿ, ಗಜ್ಜರಿ, ಇವೆಲ್ಲವನ್ನೂ ಕೂಡಿಸಿ ಕುದಿಸುವ ಆ ಭಜ್ಜಿಯನ್ನು ಕಲಬುರಗಿ-ಬೀದರ ಸೀಮೆಯವರಿಗೆ ವಿವರಿಸಬೇಕಿಲ್ಲ. ಅಷ್ಟು ಕಾಯಿಪಲ್ಯವನ್ನು ಒಂದು ರುಚಿಗೆ ತರುವುದು ಹುಣಸಿ ರಸ. ಆ ಹೊತ್ತಿಗೆ ಗಿಡದಲ್ಲಿ ಇನ್ನೂ ದ್ವಾರಗಾಯಿ. ಹಳೆ ಗಡಿಗೆಯ ಹಣ್ಣು ಕಪ್ಪಾಗಿರುತ್ತದೆ. ಅವ್ವ ಎರಡನ್ನೂ ಬೆರೆಸುತ್ತಿದ್ದಳು. ಅಪ್ಪ ಹೊಲದ ಸುತ್ತ "ಹುಲ್ಲುಲ್ಲಿಗೋ" ಎನ್ನುತ್ತಾ ಚರಗ ಚೆಲ್ಲಿ ಬರುವಷ್ಟರಲ್ಲಿ ನಾವು ಒಡ್ಡಿನ ಗಿಡದ ಬುಡದಲ್ಲಿ ಎಲಿ ಹಾಸಿಕೊಂಡು ಕುಳಿತಿರುತ್ತಿದ್ದೆವು. ಹಗಲೆಲ್ಲ ಅದೇ ಗಿಡದ ಕೆಳಗೆ ಉಂಡು, ಉರುಳಾಡಿದವರು ದಿನ ಮುಳುಗಿದ ಮೇಲೆ ಅಲ್ಲಿ ದೆವ್ವ ಇದೆ ಎಂದು ಒಬ್ಬರ ಹಿಂದೆ ಒಬ್ಬರು ಓಡಿ ಗಾಡಿ ಏರುತ್ತಿದ್ದೆವು.

ನಮ್ಮೂರಿನ ಗಿಡಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ಬಾಗವಾನ ಕಾಕಾ. ಕಾಯಿ ಬಲಿಯುವ ಮುಂಚೆಯೇ ಬಂದು ಗಿಡ ಗುತ್ತಿಗಿ ಹಿಡಿಯುತ್ತಿದ್ದರು. ಗಿಡದ ಸುತ್ತ ಒಮ್ಮೆ ತಿರುಗಿ, ಕತ್ತು ಎತ್ತಿ ನೋಡಿ, ಒಂದು ಕಾಯಿ ಮುರಿದು ಬೆರಳಲ್ಲಿ ಹಿಸುಕಿ ಮಾತು ಆಡುತ್ತಿದ್ದರು. "ಗೌಡ್ರೆ, ಇದು ತೂಕಕ್ಕ ಛಲೋ ಬರ್ತದ, ಖರೇ, ಬೀಜ ಜಾಸ್ತಿ. ಅಕಡಿದು ಕಾಯಿ ಸಣ್ಣ, ತಿರುಳು ತುಂಬ್ಯಾದ. ನನಗ ಅದನ್ನ ಕೊಡ್ರಿ." ಕಾಯಿಯ ತೂಕದಲ್ಲಿ ತಿರುಳು ಸುಮಾರು ಮೂವತ್ತರಿಂದ ಐವತ್ತು ಪಾಲಿನವರೆಗೂ ಇರಬಹುದು, ಉಳಿದದ್ದು ಬೀಜ, ಸಿಪ್ಪೆ, ನಾರು. ವ್ಯಾಪಾರದ ಲಾಭ-ಲುಕ್ಸಾನು ಇರುವುದು ಈ ಅಂತರದಲ್ಲೇ. ಒಂದು ವರ್ಷ ತುಂಬ ಬಿಟ್ಟ ಗಿಡ ಮರುವರ್ಷ ಸುಮ್ಮನಿರುವುದುಂಟು. ಯಾವ ಗಿಡದ ಸರದಿ ಯಾವ ವರ್ಷ ಎಂಬುದೂ ಕಾಕಾರ ತಲೆಯಲ್ಲಿತ್ತು. ಅವರ ಮನೆಯಲ್ಲಿ ಚಿಗುರಿನ ಕಾಲಕ್ಕೆ ಹೈದರಾಬಾದಿನವರ ಹಾಗೆ ಹುಣಸಿ ಚಿಗುರು ಹಾಕಿ ಗೋಶ್ತ್ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಅದೇ ಚಿಗುರು ತೊಗರಿ ಬ್ಯಾಳಿಗೆ. ಕಾಕಾರ ಹೆಂಡತಿ ಚಿಗುರು ಮುರಿಯಲು ಬಂದರೆ ಎಳೆಯ ಟೊಂಗೆ ಯಾವುದು ಎಂದು ಅವ್ವನೇ ಕೈ ಮಾಡಿ ತೋರಿಸುತ್ತಿದ್ದಳು.

ಗಳ ಹಿಡಿದು ಗಂಡಸರು ಗಿಡ ಬಡಿದು ಉದುರಿಸಿದ ಮೇಲೆ ಉಳಿದದ್ದೆಲ್ಲ ಹೆಂಗಸರ ಕೆಲಸ. ಅಟ್ಟಿಯ ನೆರಳಿನಲ್ಲಿ ಕುಳಿತು ಸಿಪ್ಪೆ ಸುಲಿಯುವುದು, ನಾರು ಎಳೆಯುವುದು, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಕುಟ್ಟಿ ಬೀಜ ಬಿಡಿಸುವುದು. ಬೆರಳ ತುದಿ ಸೀಳಿ ಉರಿಯುತ್ತಿದ್ದವು, ಸಂಜೆಗೆ ಎಣ್ಣೆ ಹಚ್ಚಿಕೊಂಡು ಕುಳಿತಿರುತ್ತಿದ್ದರು. ಹಾಡು ನಿಲ್ಲುತ್ತಿರಲಿಲ್ಲ. ಜೇವರ್ಗಿ ಸೀಮೆಯಿಂದ ಸೊಸೆಯಾಗಿ ಬಂದವರೊಬ್ಬರು ಕಡಕೋಳ ಮಡಿವಾಳಪ್ಪನವರ ತತ್ವಪದ ಎತ್ತಿದರೆ ಕೊಡತಿಯ ಸಪ್ಪಳವೂ ತಾಳಕ್ಕೆ ಬರುತ್ತಿತ್ತು. ಇವತ್ತಿಗೂ ಕೂಲಿಗೆ ಹುಣಸಿ ಕುಟ್ಟುವ ಹೆಂಗಸರ ಬೆರಳು ಹಾಗೆಯೇ ಸೀಳುತ್ತವೆ, ಕೂಲಿ ಮಾತ್ರ ಬೆರಳಿಗೆ ತಕ್ಕಷ್ಟು ಬೆಳೆದಿಲ್ಲ. ಇದನ್ನು ಹೇಳದೆ ಮುಂದೆ ಹೋಗಲಾರೆ.

ಬೀಜ ಬಿಸಾಕಿದ್ದನ್ನು ನಾನು ನೋಡಿಲ್ಲ. ಒಂದಿಷ್ಟು ಅಳಗುಳಿ ಮಣೆಗೆ, ಒಡೆದು ಎರಡು ಹೋಳು ಮಾಡಿದ್ದು ಚೌಕಾಬಾರಕ್ಕೆ. ಉಳಿದದ್ದು ದೊಡ್ಡಕ್ಕನ ಊರಿಗೆ ಹೋಗುತ್ತಿತ್ತು. ಅಲ್ಲಿ ಕುರುಬರ ಓಣಿಯಲ್ಲಿ ಕಂಬಳಿ ನೇಯುತ್ತಿದ್ದರು. ಹುಣಸಿ ಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ಅರೆದು, ಕುದಿಸಿದ ಗಂಜಿಯನ್ನು ಕುಂಚದಿಂದ ಉಣ್ಣೆಯ ಎಳೆಗೆ ಬಳಿಯುತ್ತಿದ್ದರು. ಆ ಗಂಜಿ ಕುಡಿದ ಎಳೆ ಮಗ್ಗದ ಮೇಲೆ ಹರಿಯುವುದಿಲ್ಲ, ಕಂಬಳಿ ಗಟ್ಟಿಯಾಗಿ ನಿಲ್ಲುತ್ತದೆ, ಮಳೆ ನೀರು ಬೇಗ ಇಳಿಯುವುದಿಲ್ಲ. ಅಲ್ಲೂ ಗಿಡದ ವಿಚಾರ ಬರುತ್ತಿತ್ತು. ದಪ್ಪ ಬೀಜದ ಗಿಡದ್ದೇ ಬೇಕು ಎಂದು ಅಜ್ಜನೊಬ್ಬ ಚೀಲಕ್ಕೆ ಕೈ ಹಾಕಿ ಆರಿಸುತ್ತಿದ್ದ. ತಿರುಳಿಗೆ ಬಾಗವಾನ ಕಾಕಾ ಬೇಡ ಎಂದು ಬಿಟ್ಟ ಗಿಡ, ಕಂಬಳಿಯವರಿಗೆ ಬೇಕಾದ ಗಿಡ. ಯಾವ ಗಿಡವೂ ಕೆಲಸಕ್ಕೆ ಬಾರದ್ದು ಅನ್ನಿಸಿಕೊಳ್ಳಲಿಲ್ಲ.

1972ರ ಬರ ಬಂದಾಗ ಅದೇ ಬೀಜ ಮನುಷ್ಯರ ಹೊಟ್ಟೆಗೆ ಹೋಯಿತು. ಮೇಲಿಂದ ಮೇಲೆ ಮಳೆ ಕೈಕೊಟ್ಟು ಜೋಳದ ಹಗೇವುಗಳು ಬರಿದಾಗಿದ್ದವು. ಕಲ್ಲು ಒಡೆಯುವ ಬರಗಾಲದ ಕೆಲಸಕ್ಕೆ ಊರಿಗೆ ಊರೇ ಹೋಗುತ್ತಿತ್ತು. ಹುಣಸಿ ಬೀಜ ಹುರಿದು, ನೆನೆಸಿ, ಬೀಸಿದ ಹಿಟ್ಟನ್ನು ಇದ್ದಷ್ಟು ಜೋಳದ ಹಿಟ್ಟಿಗೆ ಬೆರೆಸಿ ರೊಟ್ಟಿ ಬಡಿದದ್ದು ಹಲವು ಮನೆಗಳಲ್ಲಿ. ಬೇರು ಆಳಕ್ಕೆ ಇಳಿದ ಗಿಡಗಳು ಆ ವರ್ಷವೂ ಹಸಿರಾಗಿದ್ದವು. ದನಗಳಿಗೆ ಸೊಪ್ಪು, ಮಕ್ಕಳಿಗೆ ಚಿಗುರು. ಅಪ್ಪ ಆ ವರ್ಷ ನಮ್ಮ ಒಡ್ಡಿನ ಗಿಡಗಳನ್ನು ಗುತ್ತಿಗಿಗೆ ಕೊಡಲಿಲ್ಲ. ಬೇಕಾದವರು ಬಂದು ಕಿತ್ತುಕೊಳ್ಳಲಿ ಎಂದು ಬಿಟ್ಟ. ನನ್ನ ತಲೆಮಾರಿನವರು ಹುಣಸಿ ಗಿಡಕ್ಕೆ ಕೊಡಲಿ ಎಂದರೆ ಬೆಚ್ಚುವುದು ಈ ಕಾರಣಕ್ಕೆ.

ಮುತ್ಯಾ ಹೇಳುತ್ತಿದ್ದ ಇನ್ನೊಂದು ಸಂಗತಿ ಹೈದರಾಬಾದಿನದು. ನಮ್ಮ ಮೂರೂ ತಾಲೂಕು 1948ರವರೆಗೆ ನಿಜಾಮನ ಸೀಮೆ. ಕೋರ್ಟು-ಕಚೇರಿ ಎಂದರೆ ಮುತ್ಯಾನಿಗೆ ಹೈದರಾಬಾದೇ. 1908ರ ಸೆಪ್ಟೆಂಬರ್ 28ರಂದು ಮೂಸಿ ಹೊಳಿ ಉಕ್ಕಿ ಊರನ್ನೇ ನುಂಗಿದಾಗ, ಅಫ್ಜಲ್‌ಗಂಜಿನ ಒಂದು ಹುಣಸಿ ಮರ ಹತ್ತಿ ಕುಳಿತ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಸುತ್ತ ಸಾವಿರಾರು ಜನ ಕೊಚ್ಚಿ ಹೋದರು, ಮರ ಹೋಗಲಿಲ್ಲ. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಅದು ಇಂದಿಗೂ ಇದೆ. ಹೊಳಿ ದಂಡೆಯ ನಮ್ಮಂಥವರಿಗೆ ಇದು ದೂರದ ಕಥೆಯಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಾಗ ಬೆಳೆದು ನಿಂತ ಕಬ್ಬು, ತೊಗರಿ ಮಲಗಿ ಹೋದವು. ನಮ್ಮ ಹೊಲದಲ್ಲಿ ನೀರು ಇಳಿದ ಮೇಲೆ ಒಡ್ಡು ಎಲ್ಲಿತ್ತು ಎಂದು ಗುರುತು ಹಿಡಿದದ್ದು ಉಳಿದಿದ್ದ ಎರಡು ಹುಣಸಿ ಗಿಡದಿಂದ.

ಎರಡು ಎಂದೆ. ಮೊದಲು ಇಡೀ ಸಾಲು ಇತ್ತು. ಕಬ್ಬು ಬಂದ ಮೇಲೆ ಒಡ್ಡಿನ ನೆರಳು ಯಾರಿಗೂ ಬೇಡವಾಯಿತು. ಟ್ರ್ಯಾಕ್ಟರ್ ತಿರುಗಲು ಜಾಗ ಬೇಕು, ಬೇರು ಕುಳಕ್ಕೆ ಸಿಗುತ್ತದೆ, ಬುಡದಲ್ಲಿ ಬೆಳೆ ಏಳುವುದಿಲ್ಲ, ಗಿಡ ಹತ್ತುವ ಆಳು ಸಿಗುವುದಿಲ್ಲ. ಒಂದೊಂದೂ ನಿಜವಾದ ಕಾರಣವೇ, ರೈತರನ್ನು ನಾನು ದೂರುವುದಿಲ್ಲ. ಇಟ್ಟಂಗಿ ಭಟ್ಟಿಯವರು ಬಂದು ಇಡೀ ಗಿಡಕ್ಕೆ ಒಮ್ಮೆಲೇ ರೊಕ್ಕ ಎಣಿಸುತ್ತಾರೆ. ರಸ್ತೆ ಅಗಲವಾದಾಗ ದಾರಿಯ ಎರಡೂ ಬದಿಯ ಗಿಡಗಳು ಹೋದವು. ಕಲಬುರಗಿಯಿಂದ ಆಳಂದಕ್ಕೆ ಹೋಗುವಾಗ ಬಸ್ಸಿನ ಕಿಡಕಿಗೆ ಟೊಂಗೆ ತಾಗುತ್ತಿದ್ದದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ಕಡಿದಷ್ಟೇ ಸಸಿ ನೆಡುತ್ತೇವೆ ಎನ್ನುತ್ತಾರೆ. ನೆಡಲಿ. ಆದರೆ ಕುಡಗೋಲು ಗಿಡಕ್ಕೆ ಬದಲು ಯಾವ ಸಸಿ? ಬೀಜದಿಂದ ಹುಟ್ಟಿದ ಗಿಡ ಭೂಮಿಯ ಮೇಲೆ ಒಂದೇ ಒಂದು. ಕಡಿದರೆ ಆ ಹುಳಿ, ಆ ತಿರುಳು, ಬರಕ್ಕೆ ಬಗ್ಗದ ಆ ಗುಣ, ಎಲ್ಲ ಅಲ್ಲಿಗೇ ಮುಗಿಯಿತು.

ಉಳಿಸಿಕೊಂಡವರೂ ಇದ್ದಾರೆ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು, ದೇಶದಲ್ಲೇ ಮೊದಲನೆಯದು. 54 ಎಕರೆಯಷ್ಟು ಜಾಗ, ಸುಮಾರು 300 ಮರ, ಕೆಲವು ಶತಮಾನಗಳನ್ನು ಕಂಡವು. ಒಮ್ಮೆ ಹೋಗಿ ನೋಡಿ ಬಂದೆ. ಬುಡ ಟೊಳ್ಳಾದರೂ ತುದಿಯಲ್ಲಿ ಚಿಗುರು. ನಮ್ಮಲ್ಲಿ ಅಂಥ ತೋಪಿಲ್ಲ. ನಮ್ಮ ಗಿಡಗಳು ಒಡ್ಡಿನ ಮೇಲೆ ಒಂದು, ಗುಡಿಯ ಹಿಂದೆ ಒಂದು, ದರ್ಗಾದ ಅಂಗಳದಲ್ಲಿ ಒಂದು ಎಂದು ಚದುರಿವೆ. ಬೇಲಿ ಹಾಕಿ ಕಾಯಲು ಆಗುವುದಿಲ್ಲ. ನಮ್ಮ ಸೀಮೆಗೆ ಬೇರೆ ದಾರಿ ಬೇಕು, ಅದು ಕಸಿ. ಒಳ್ಳೆ ಗಿಡದ ಕಡ್ಡಿ ತಂದು ಸಸಿಯ ಮೇಲೆ ಕಟ್ಟಿದರೆ ಅದೇ ಗಿಡ, ಅದೇ ರುಚಿ, ನಾಲ್ಕೈದು ವರ್ಷಕ್ಕೇ ಕಾಯಿ. ಪೆರಿಯಕುಳಂನ ಪಿಕೆಎಂ-1, ಧಾರವಾಡದ ಡಿಟಿಎಸ್-1, ಔರಂಗಾಬಾದಿನ ಪ್ರತಿಷ್ಠಾನ, ಇವೆಲ್ಲ ಹೀಗೆ ಎಲ್ಲೋ ಇದ್ದ ಒಳ್ಳೆ ಗಿಡವನ್ನು ಗುರುತಿಸಿ ಬೆಳೆಸಿದವೇ. ತುಮಕೂರು ಕಡೆಯ ರೈತರೊಬ್ಬರ ಗಿಡ 'ಲಕ್ಷ್ಮಣ' ಎಂಬ ಹೆಸರಿನಲ್ಲಿ ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದ ಮೂಲಕ ಹೊರಬಂತು. ಹೊಸದಾಗಿ ತೋಟ ಮಾಡುವವರು ಇವನ್ನು ಹಚ್ಚುತ್ತಿದ್ದಾರೆ, ಒಳ್ಳೆಯದೇ. ಆದರೆ ಒಂದೇ ತಳಿಯನ್ನು ಎಕರೆಗಟ್ಟಲೆ ಹಚ್ಚಿ ಒಡ್ಡಿನವನ್ನೆಲ್ಲ ಭಟ್ಟಿಗೆ ಕೊಟ್ಟರೆ, ನಾಳೆ ಹೊಸ ತಳಿ ಆರಿಸಲು ಯಾವ ಗಿಡದ ಬುಡಕ್ಕೆ ಹೋಗುವುದು?

ಇದನ್ನೇ ಮನೆಯವರೆಲ್ಲ ಕೂಡಿದಾಗ ಹೇಳಿದೆ. ಅಣ್ಣನ ಮಗ ಕೃಷಿ ಓದಿದವ, ಕಸಿ ಕಟ್ಟಲು ಬರುತ್ತದೆ. "ಅತ್ತಿ, ನೀವು ಗಿಡದ ಹೆಸರು, ಜಾಗ ಬರಸ್ರಿ, ನಾ ಕಡ್ಡಿ ತರ್ತೀನಿ" ಎಂದು ಒಂದು ವಹಿ ಹಿಡಿದು ಕುಳಿತ. ಅಲ್ಲಿಂದ ಶುರುವಾಯಿತು. ಅಣ್ಣ ಸಕ್ರಿ ಗಿಡ ಮೊದಲು ಬರಿ ಎಂದ. ಅದು ಆಯಿಯ ಕಾಲದಷ್ಟು ಈಗ ಬಿಡುವುದಿಲ್ಲ, ಮಾಸ್ತರ ಗಿಡ ಬರಿ ಎಂದು ತಂಗಿ. ಚಿಗಳಿಗೆ ಅದೇ ಬೇಕಂತೆ. ವೈನಿ ತನ್ನ ತವರಿನ ಎರಡು ಗಿಡ ಸೇರಿಸಿದಳು. ಬಾಗವಾನ ಕಾಕಾರ ಮಗನಿಗೆ ಫೋನು ಹಚ್ಚಿದರೆ ಅವನು ನಮಗೆ ಗೊತ್ತೇ ಇಲ್ಲದ ಗಿಡಗಳನ್ನು ಒಂದರ ಹಿಂದೆ ಒಂದು ಹೇಳಿದ. ಯಾವುದು ಬಿದ್ದಿದೆ, ಯಾವುದು ಇನ್ನೂ ನಿಂತಿದೆ ಎಂಬುದನ್ನೂ ಹೇಳಿದ. ಎಂಬತ್ತು ದಾಟಿದ ದೊಡ್ಡಕ್ಕ ಇಷ್ಟೂ ಹೊತ್ತು ಸುಮ್ಮನೆ ಕೇಳುತ್ತಿದ್ದವಳು ಕಡೆಗೆ ಅಂದಳು: "ಎಲ್ಲಾಕಿಂತ ಮೊದಲ ನಮ್ಮೂರ ಕುರುಬರ ಓಣಿ ಹಿಂದಿಂದು ತಗೋರಿ. ದಪ್ಪ ಬೀಜಿಂದು. ಆ ಹೊಲ ಮಾರಾಕತ್ತ್ಯಾರ, ಯುಗಾದಿ ಆದ ಮ್ಯಾಲ ಅದು ಇರಂಗಿಲ್ಲ." ಹುಡುಗ ಅದನ್ನು ಎಲ್ಲಕ್ಕಿಂತ ಮೇಲೆ ಬರೆದುಕೊಂಡ. ಸೋಮವಾರ ಮುಂಜಾನೆಯ ಜೇವರ್ಗಿ ಬಸ್ಸಿಗೆ ಹೋಗುವುದೆಂದು ಮಾತಾಗಿದೆ.